ಸಿಹಿಗುಳಿಗೆ ಮುಚ್ಚಿಹಾಕುವ ಪ್ರಶ್ನೆ

ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ ಭಾಗದ ಹಳ್ಳಿಗಳಲ್ಲಿಯೂ ವಾಡಿ, ಶಹಾಬಾದಗಳಂಥ ಕಾರ್ಖಾನೆಯ ಊರುಗಳಲ್ಲಿಯೂ ಒಂದರಿಂದ ಮೂರು ವರ್ಷದ ಕೂಸು ಮೇಲಿಂದ ಮೇಲೆ ಕಾಯಿಲೆ ಬೀಳುತ್ತಿದ್ದರೆ ಏನು ಮಾಡಬೇಕು ಎಂಬ ಬಗ್ಗೆ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರುಬಿಟ್ಟಿದೆ. ದೊಡ್ಡವರಿಗೆ ಇಂಗ್ಲಿಷ್ ಔಷಧ ನಡೆಯುತ್ತದೆ, ಎಳೆಯ ಮೈಗೆ ಅದು ಉಷ್ಣ. ಅದು ಕಾಯಿಲೆಯನ್ನು ಒಳಗೇ ಅದುಮಿಡುತ್ತದೆಯೇ ಹೊರತು ಬೇರುಸಹಿತ ತೆಗೆಯುವುದಿಲ್ಲ. ಹೋಮಿಯೋಪಥಿಯ ಸಿಹಿಗುಳಿಗೆಯಾಗಲಿ ಮನೆಯಲ್ಲಿ ತೇಯ್ದು ನೆಕ್ಕಿಸುವ ಗುಟ್ಟಿಯಾಗಲಿ ನಿಧಾನವಾದರೂ ಪೂರ್ತಿ ಗುಣ ಕೊಡುತ್ತದೆ. ಗುಣ ಕೊಡದಿದ್ದರೂ ಕೆಡುಕಂತೂ ಮಾಡುವುದಿಲ್ಲ ಎಂಬುದು ಆ ಅಭಿಪ್ರಾಯದ ಸಾರ. ಇದನ್ನು ಅಕ್ಷರ ಬಾರದ ಅಜ್ಜಿಯೂ ಹೇಳುತ್ತಾಳೆ, ಕಾರ್ಖಾನೆಯ ಇಂಜಿನಿಯರನೂ ಹೇಳುತ್ತಾನೆ. ಆದ್ದರಿಂದ ಇದನ್ನು ಅಜ್ಞಾನವೆಂದು ತಳ್ಳಿಹಾಕಿದರೆ ಸಾಲದು, ವಾದವೆಂದೇ ಸ್ವೀಕರಿಸಿ ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸಿದಾಗ ಕಾಣುವುದಿಷ್ಟು: ಕೂಸಿಗೆ ಅದೇ ಕೆಮ್ಮು, ಅದೇ ಭೇದಿ, ಅದೇ ಕಿವಿಸೋರುವಿಕೆ ಮರಳಿ ಮರಳಿ ಬರುತ್ತಿದ್ದರೆ ಆ ಮರಳುವಿಕೆಯೇ ಕಾರಣವನ್ನು ಹುಡುಕಿರೆಂದು ಒತ್ತಾಯಿಸುವ ಪ್ರಶ್ನೆ; ಸಿಹಿಗುಳಿಗೆ ಆ ಪ್ರಶ್ನೆಗೆ ಉತ್ತರ ದೊರೆತಂಥ ನೆಮ್ಮದಿಯನ್ನು ಕೊಟ್ಟು ಹುಡುಕಾಟವನ್ನೇ ನಿಲ್ಲಿಸಿಬಿಡುತ್ತದೆ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಜನರ ಮಾತಿನಲ್ಲಿ ಹೋಮಿಯೋಪಥಿ, ಆಯುರ್ವೇದ, ನಾಟಿ ಔಷಧ, ಮನೆಮದ್ದು ಇವೆಲ್ಲ 'ಪ್ರಕೃತಿದತ್ತ' ಎಂಬ ಒಂದೇ ಬುಟ್ಟಿಗೆ ಬೀಳುತ್ತವೆ. ವಾಸ್ತವದಲ್ಲಿ ಇವುಗಳ ತಳಹದಿ ಒಂದಕ್ಕೊಂದು ವಿರುದ್ಧವಾಗಿದೆ. ಶುಂಠಿಯಾಗಲಿ ಅಳಲೆಕಾಯಿಯಾಗಲಿ ದ್ರವ್ಯ. ಅದರಲ್ಲಿ ಮೈಮೇಲೆ ಕೆಲಸ ಮಾಡುವ ಅಂಶವಿದ್ದರೆ ಹೆಚ್ಚು ಕೊಟ್ಟಷ್ಟೂ ಹೆಚ್ಚು ಪರಿಣಾಮ, ಮಿತಿಮೀರಿದರೆ ಅಪಾಯ ಎಂಬುದನ್ನು ಆಯುರ್ವೇದದ ಗ್ರಂಥಗಳೇ ಒಪ್ಪುತ್ತವೆ. ಅಲ್ಲಿ ಎಂಟು ಅಂಗಗಳಲ್ಲಿ ಒಂದಾದ ಕೌಮಾರಭೃತ್ಯ, ಎಂದರೆ ಮಕ್ಕಳ ಚಿಕಿತ್ಸೆ, ಮಾತ್ರೆಯ ಪ್ರಮಾಣವನ್ನು ಗಂಭೀರವಾಗಿ ಚರ್ಚಿಸುವುದು ಈ ಕಾರಣಕ್ಕೇ. ಹೋಮಿಯೋಪಥಿ ಹೇಳುವುದು ಇದಕ್ಕೆ ತದ್ವಿರುದ್ಧ: ದ್ರವ್ಯ ಕಡಿಮೆಯಾದಷ್ಟೂ ಶಕ್ತಿ ಹೆಚ್ಚು. ಒಂದು ನಿಜವಾಗಿದ್ದರೆ ಇನ್ನೊಂದು ನಿಜವಾಗಿರಲು ಸಾಧ್ಯವಿಲ್ಲ. ಎರಡನ್ನೂ ಒಟ್ಟಿಗೆ ನಂಬುವವರು ಎರಡರಲ್ಲಿ ಯಾವುದನ್ನೂ ವಿಚಾರಿಸಿ ನೋಡಿಲ್ಲವೆಂದೇ ಅರ್ಥ.

ಹೋಮಿಯೋಪಥಿಯನ್ನು ರೂಪಿಸಿದವರು ಜರ್ಮನಿಯ ವೈದ್ಯ ಸಾಮ್ಯುಯೆಲ್ ಹಾನೆಮನ್. ಆರೋಗ್ಯವಂತನಲ್ಲಿ ಯಾವ ಲಕ್ಷಣಗಳನ್ನು ಒಂದು ವಸ್ತು ಹುಟ್ಟಿಸುತ್ತದೆಯೋ ಅದೇ ಲಕ್ಷಣಗಳಿರುವ ರೋಗಿಯನ್ನು ಆ ವಸ್ತು ಗುಣಪಡಿಸುತ್ತದೆ ಎಂಬ ತತ್ವವನ್ನು ಅವರು 1796ರಲ್ಲಿ ಮಂಡಿಸಿ, 1810ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೆಳೆಸಿದರು. ಔಷಧ ತಯಾರಿಸುವ ಕ್ರಮ ಹೀಗಿದೆ: ಮೂಲದ್ರವ್ಯದ ಒಂದು ಭಾಗವನ್ನು 99 ಭಾಗ ನೀರು ಅಥವಾ ಮದ್ಯಸಾರದಲ್ಲಿ ಬೆರೆಸಿ ಜೋರಾಗಿ ಕುಲುಕಿದರೆ ಅದು ಮೊದಲ ಮೆಟ್ಟಿಲು, ಅದರಿಂದ ಒಂದು ಭಾಗ ತೆಗೆದು ಮತ್ತೆ 99 ಭಾಗಕ್ಕೆ ಬೆರೆಸಿದರೆ ಎರಡನೆಯದು. ಮಕ್ಕಳಿಗೆ ಸಾಮಾನ್ಯವಾಗಿ ಕೊಡುವ 'ಮೂವತ್ತು' ಎಂಬ ಗುರುತಿನ ಔಷಧ ಇಂಥ ಮೂವತ್ತು ಮೆಟ್ಟಿಲು ಹತ್ತಿದ್ದು, ಅಂದರೆ ಒಂದರ ಮುಂದೆ ಅರವತ್ತು ಸೊನ್ನೆ ಬರೆದಷ್ಟು ಪಾಲಿನಲ್ಲಿ ಒಂದು ಪಾಲು. ಈ ಸಂಖ್ಯೆಯ ಗಾತ್ರ ಮನಸ್ಸಿಗೆ ಬರಬೇಕಾದರೆ ಅಣೆಕಟ್ಟೆಗಳನ್ನು ಬಲ್ಲ ಓದುಗರು ಒಂದು ಟಿಎಂಸಿ ನೀರನ್ನು, ಎಂದರೆ ನೂರು ಕೋಟಿ ಘನ ಅಡಿ ನೀರನ್ನು, ನೆನೆಯಬಹುದು. ಅಷ್ಟು ನೀರಿಗೆ ಒಂದೇ ಒಂದು ಹನಿ ಬೆರೆಸಿದರೆ ಏಳನೆಯ ಮೆಟ್ಟಿಲನ್ನು ದಾಟಿದಂತಾಯಿತು, ಅಷ್ಟೆ. ಇನ್ನೂ ಇಪ್ಪತ್ತಕ್ಕಿಂತ ಹೆಚ್ಚು ಮೆಟ್ಟಿಲು ಉಳಿದಿರುತ್ತವೆ. ವಸ್ತುವನ್ನು ಹೀಗೆ ಕೊನೆಯಿಲ್ಲದೆ ಹಂಚಲು ಸಾಧ್ಯವೂ ಇಲ್ಲ. ಐವತ್ತೆಂಟೂವರೆ ಗ್ರಾಂ ಅಡುಗೆ ಉಪ್ಪಿನಲ್ಲಿ ಉಪ್ಪಿನ ಘಟಕಗಳು ಸುಮಾರು ಆರರ ಮುಂದೆ ಇಪ್ಪತ್ತಮೂರು ಸೊನ್ನೆಗಳಷ್ಟಿವೆ. ಅವೊಗಾಡ್ರೊ ಸಂಖ್ಯೆ ಎಂದು ರಸಾಯನಶಾಸ್ತ್ರ ಕರೆಯುವ ಈ ಮಿತಿಯನ್ನು ಹನ್ನೆರಡನೆಯ ಮೆಟ್ಟಿಲಿನಲ್ಲೇ ದಾಟಲಾಗುತ್ತದೆ, ಆಮೇಲಿನ ಸೀಸೆಯಲ್ಲಿ ಮೂಲದ್ರವ್ಯದ ಒಂದು ಅಣುವೂ ಉಳಿದಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹಾನೆಮನ್ ತಮ್ಮ ಸಿದ್ಧಾಂತ ಬರೆದಾಗ ಈ ಸಂಖ್ಯೆಯನ್ನು ಯಾರೂ ಅಳೆದಿರಲಿಲ್ಲ, ಆದ್ದರಿಂದ ಅವರನ್ನು ದೂರುವಂತಿಲ್ಲ. ಇಂದು ಅದು ಪಿಯುಸಿ ವಿದ್ಯಾರ್ಥಿಯ ಪಠ್ಯದಲ್ಲಿದೆ.

ದ್ರವ್ಯ ಹೋದರೂ ನೀರಿನಲ್ಲಿ ಅದರ ನೆನಪು ಉಳಿಯುತ್ತದೆ ಎಂಬ ಸಮರ್ಥನೆಯನ್ನು ಇದೇ ನೆಲದಲ್ಲಿ ನಿಂತು ಪರೀಕ್ಷಿಸಬಹುದು. ತಡವಾಗಿ ಹಲ್ಲು ಬರುವ, ಪದೇಪದೇ ನೆಗಡಿಯಾಗುವ ಮಕ್ಕಳಿಗೆ ಹೋಮಿಯೋಪಥಿಯಲ್ಲಿ ಅತಿಹೆಚ್ಚು ಬಳಕೆಯಾಗುವ ಔಷಧಗಳಲ್ಲಿ ಕ್ಯಾಲ್ಕೇರಿಯಾ ಕಾರ್ಬೊನಿಕಾ ಒಂದು. ಅದನ್ನು ಮಾಡುವುದು ಸಮುದ್ರದ ಸಿಂಪಿಯ ಚಿಪ್ಪಿನಿಂದ. ಚಿಪ್ಪಿನ ಮುಖ್ಯ ದ್ರವ್ಯ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲು ಯಾವುದರಿಂದಾಗಿದೆಯೋ ಅದೇ ವಸ್ತು. ಸೇಡಂ, ಮಳಖೇಡ, ವಾಡಿ, ಶಹಾಬಾದಗಳ ನೆಲದಡಿ ಹಾಸಿಕೊಂಡಿರುವುದು ಈ ಸುಣ್ಣಕಲ್ಲೇ. ಸಿಮೆಂಟ್ ಕಾರ್ಖಾನೆಗಳನ್ನು ಇಲ್ಲಿಗೆ ಎಳೆದುತಂದದ್ದೂ, ಶಹಾಬಾದಿ ಕಲ್ಲಿನ ಹೆಸರಿನಲ್ಲಿ ಎಷ್ಟೋ ಊರುಗಳ ಮನೆಗಳಿಗೆ ನೆಲಹಾಸಾಗಿ ಹೋದದ್ದೂ ಅದೇ. ಈ ಊರುಗಳಲ್ಲಿ ನೀರು ಕಾಯಿಸುವ ಪಾತ್ರೆಯ ಒಳಮೈಗೆ ಕೆಲವೇ ವಾರಗಳಲ್ಲಿ ಬಿಳಿಯ ಗಟ್ಟಿ ಪೊರೆ ಕಟ್ಟುತ್ತದೆ. ಉಗುರಿನಿಂದ ಕೆರೆದರೆ ಬಾರದು, ಹುಣಸೆಹುಳಿ ಹಚ್ಚಿ ನೆನೆಸಿದರೆ ಬಿಡುತ್ತದೆ. ಆ ಪೊರೆಯೂ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟೇ. ಕಾಗಿಣಾ ನದಿಯ ನೀರು ಆ ಕಲ್ಲಿನ ಮೇಲೆ ಹರಿದು, ಮಳೆನೀರಿನಲ್ಲಿ ತೆಳುವಾಗಿ, ಕೊಳವೆಯಲ್ಲೂ ಟ್ಯಾಂಕರಿನಲ್ಲೂ ಕುಲುಕಿ ಮನೆ ಸೇರುತ್ತದೆ. ತೆಳುವಾಗಿಸಿ ಕುಲುಕುವುದರಿಂದ ನೀರಿಗೆ ಔಷಧಶಕ್ತಿ ಬರುವುದು ನಿಜವಾದರೆ ಮಳಖೇಡದ ಪ್ರತಿ ಕೂಸೂ ಹುಟ್ಟಿದಂದಿನಿಂದ ಕ್ಯಾಲ್ಕೇರಿಯಾವನ್ನು ಎಲ್ಲ ಪ್ರಮಾಣಗಳಲ್ಲೂ ಕುಡಿಯುತ್ತಿದೆ; ಆ ಕೂಸಿಗೆ ಹಲ್ಲು ತಡವಾಗಬಾರದು, ನೆಗಡಿ ಮರುಕಳಿಸಬಾರದು. ನಿಯಮಬದ್ಧವಾಗಿ ಕುಲುಕಿದ ನೀರು ಮಾತ್ರ ಔಷಧವಾಗುತ್ತದೆ ಎಂದು ಹೋಮಿಯೋಪಥಿಯವರು ಉತ್ತರಿಸಬಹುದು. ಹಾಗಾದರೆ ಆ ನಿಯಮ ನೀರಿನಲ್ಲಿ ಉಂಟುಮಾಡುವ ವ್ಯತ್ಯಾಸ ಅಳತೆಗೆ ಸಿಗಬೇಕು. ಕ್ಯಾಲ್ಕೇರಿಯಾ ಮೂವತ್ತು ಮತ್ತು ಮರಳು-ಗಾಜುಗಳ ಮೂಲದ್ರವ್ಯವಾದ ಸಿಲಿಕಾದಿಂದ ತಯಾರಾದ ಸಿಲಿಶಿಯಾ ಮೂವತ್ತು, ಈ ಎರಡು ಸೀಸೆಗಳ ಚೀಟಿ ಕಿತ್ತುಹಾಕಿದ ಮೇಲೆ ಯಾವುದು ಯಾವುದೆಂದು ಮತ್ತೆ ಮತ್ತೆ ತಪ್ಪದೆ ಹೇಳಬಲ್ಲ ವಿಧಾನವನ್ನು ಎರಡು ಶತಮಾನಗಳ ನಂತರವೂ ಯಾರೂ ಸ್ಥಾಪಿಸಿ ತೋರಿಸಿಲ್ಲ.

ಇಷ್ಟಕ್ಕೆ ನಿಂತಿದ್ದರೆ ಇದು ರಸಾಯನಶಾಸ್ತ್ರದ ತಕರಾರಾಗಿ ಉಳಿಯುತ್ತಿತ್ತು. ಅದಕ್ಕಿಂತ ಗಂಭೀರವಾದ ಮಾತು ಬೇರೆ ಇದೆ. ಹೋಮಿಯೋಪಥಿಯ ಹೆಮ್ಮೆಯೆಂದರೆ ಅದು ರೋಗವನ್ನು ನೋಡದೆ ರೋಗಿಯ 'ಶರೀರ ಪ್ರಕೃತಿ'ಯನ್ನು ನೋಡುತ್ತದೆ ಎಂಬುದು. ಕ್ಯಾಲ್ಕೇರಿಯಾ ಪ್ರಕೃತಿಯ ಮಗು ಎಂದು ಅದರ ಔಷಧ ಗ್ರಂಥಗಳು ವರ್ಣಿಸುವ ಚಿತ್ರವನ್ನು ನಿಧಾನವಾಗಿ ಓದಬೇಕು: ನಿದ್ದೆಯಲ್ಲಿ ತಲೆ ಬೆವರಿ ದಿಂಬು ತೋಯುತ್ತದೆ, ನೆತ್ತಿಯ ಸುಳಿ ತಡವಾಗಿ ಮುಚ್ಚುತ್ತದೆ, ಹಲ್ಲು ತಡ, ನಡಿಗೆ ತಡ, ಹೊಟ್ಟೆ ಉಬ್ಬಿದೆ, ನೆಗಡಿ ಬಿಡದು, ಸುಣ್ಣ, ಬಳಪ, ಮಣ್ಣಿನಂಥವನ್ನು ತಿನ್ನುವ ಚಪಲ. ಮಕ್ಕಳ ವೈದ್ಯಕೀಯ ಓದಿದ ಯಾರಿಗಾದರೂ ಈ ಚಿತ್ರದ ಮೊದಲ ಭಾಗ ರಿಕೆಟ್ಸ್ ಎಂಬ ರೋಗದ ವಿವರಣೆಯೆಂದು ತಕ್ಷಣ ಹೊಳೆಯುತ್ತದೆ. ವಿಟಮಿನ್ ಡಿ ಅಥವಾ ಕ್ಯಾಲ್ಸಿಯಂ ಸಾಲದೆ ಬೆಳೆಯುವ ಮೂಳೆ ಮೆತ್ತಗಾಗಿ ಕಾಲು ಬಾಗುವ ಈ ರೋಗದಲ್ಲಿ ಎದೆಗೂಡು ಬಲಹೀನವಾಗುವುದರಿಂದ ಶ್ವಾಸಕೋಶದ ಸೋಂಕೂ ಮರುಕಳಿಸುತ್ತದೆ. ಎರಡನೆಯ ಭಾಗವಾದ ಮಣ್ಣು ತಿನ್ನುವ ಅಭ್ಯಾಸವು ಕಬ್ಬಿಣಾಂಶದ ಕೊರತೆಯಿಂದಾಗುವ ರಕ್ತಹೀನತೆಯ ಜೊತೆ ಮತ್ತೆ ಮತ್ತೆ ಕಾಣಸಿಗುವ ಗುರುತು. ಎರಡಕ್ಕೂ ಅಳೆಯಬಲ್ಲ ಕಾರಣವಿದೆ, ಅಗ್ಗದ ಪರಿಹಾರವಿದೆ. ಹೋಮಿಯೋಪಥಿ ಮಾಡುವುದೇನೆಂದರೆ, ರೋಗದ ಗುರುತುಗಳನ್ನು ಒಟ್ಟುಗೂಡಿಸಿ ಅದಕ್ಕೆ ಮಗುವಿನ ಸ್ವಭಾವವೆಂದು ಹೆಸರಿಡುತ್ತದೆ. ಸ್ವಭಾವವೆಂದ ಮೇಲೆ ರಕ್ತ ಪರೀಕ್ಷೆಯೇಕೆ, ಮಣಿಕಟ್ಟಿನ ಎಕ್ಸ್-ರೇ ಏಕೆ? ಎಲ್ಲವನ್ನೂ ಕೂಲಂಕಷವಾಗಿ ಕೇಳಿಕೊಂಡರೆಂದು ತಾಯಿ ಸಂತೋಷಪಡುತ್ತಾಳೆ, ಒಂದು ಗಂಟೆ ಕೂತು ಕೇಳುವ ವೈದ್ಯರ ತಾಳ್ಮೆ ನಿಜಕ್ಕೂ ದೊಡ್ಡದು. ಆದರೆ ಕೇಳಿ ಬರೆದುಕೊಂಡ ಲಕ್ಷಣಗಳು ತೋರುಗಂಬಗಳಾಗಿ ಕಾರಣದತ್ತ ಒಯ್ಯುವ ಬದಲು ಗುಳಿಗೆಯ ಹೆಸರಿನಲ್ಲಿ ಮುಗಿದುಹೋಗುತ್ತವೆ.

ಈ ಮಾತು ಎಷ್ಟು ಮಕ್ಕಳಿಗೆ ಸಂಬಂಧಿಸಿದ್ದು ಎಂಬುದನ್ನು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸುತ್ತದೆ. 2019ರಿಂದ 2021ರವರೆಗೆ ನಡೆದ ಆ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 60.9 ಇತ್ತು. ಐದು ವರ್ಷದೊಳಗಿನವರಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಂಠಿತರಾಗಿದ್ದರು. ಕುಂಠಿತ ಬೆಳವಣಿಗೆಯ, ರಕ್ತ ಕಡಿಮೆಯಾದ ಕೂಸಿನ ಮೈ ಸೋಂಕನ್ನು ತಡೆಯುವ ಬಲ ಕಳೆದುಕೊಂಡಿರುತ್ತದೆ. ಸೋಂಕು ತಗುಲಿದಾಗ ಊಟ ಸೇರದೆ ಇನ್ನಷ್ಟು ಸೊರಗುತ್ತದೆ. ಸೊರಗಿದ್ದರಿಂದ ಮುಂದಿನ ಸೋಂಕು ಬೇಗ ಬರುತ್ತದೆ. ಈ ಸುತ್ತಿನಿಂದ ಹೊರತರುವ ವಸ್ತುಗಳು ಸರಳವಾದವು: ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಕಬ್ಬಿಣಾಂಶದ ಸಿರಪ್, ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ, ವರ್ಷಕ್ಕೆರಡು ಬಾರಿ ಜಂತುಹುಳುವಿನ ಮಾತ್ರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ, ಅಂಗನವಾಡಿಯ ಊಟ, ಮೊಟ್ಟೆ. ತೊಗರಿಯ ಕಣಜವೆನಿಸಿದ ಈ ಜಿಲ್ಲೆಯಲ್ಲಿ ಬೇಳೆಯೂ ಕೂಸಿನ ತಟ್ಟೆಗೆ ತೆಳ್ಳನೆಯ ತಿಳಿಯಾಗಿ ಮಾತ್ರ ಬೀಳುವುದನ್ನು ಯಾವ ಗುಳಿಗೆ ಸರಿಪಡಿಸೀತು? ಒಲೆಯ ವಿಷಯವೂ ಹಾಗೆಯೇ. ತೊಗರಿ ಕಟ್ಟಿಗೆ ಉರಿಸಿ ಅಡುಗೆ ಮಾಡುವ, ಹೊಗೆ ಹೋಗಲು ಕಿಂಡಿಯಿಲ್ಲದ ಮನೆಯಲ್ಲಿ ತಾಯಿಯ ಸೊಂಟದ ಮೇಲಿರುವ ಕೂಸು ಅವಳಷ್ಟೇ ಹೊಗೆಯನ್ನು ಅವಳಿಗಿಂತ ಪುಟ್ಟ ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತದೆ; ಇಂಥ ಹೊಗೆ ಮಕ್ಕಳ ನ್ಯುಮೋನಿಯಾದ ಸಂಭವವನ್ನು ಸುಮಾರು ಇಮ್ಮಡಿಯಾಗಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಲ್ಲುಗಣಿಯ ಅಂಚಿನಲ್ಲಿ, ಪಾಲಿಶ್ ಯಂತ್ರದ ಪಕ್ಕದಲ್ಲಿ ಆಡುವ ಮಗುವಿನ ಕೆಮ್ಮನ್ನು ಕೇಳಿದ ವೈದ್ಯ ಯಾವ ಪದ್ಧತಿಯವರೇ ಆಗಿರಲಿ, ದೂಳಿನ ಬಗ್ಗೆ ಕೇಳದಿದ್ದರೆ, ಮನೆಯ ಹಿರಿಯರಲ್ಲಿ ಯಾರಿಗಾದರೂ ಕ್ಷಯವಿದೆಯೇ ಎಂದು ಕೇಳದಿದ್ದರೆ, ಅವರು ಕಾಯಿಲೆಯ ಬೇರನ್ನು ಮುಟ್ಟಿಲ್ಲ. ಬೇರುಸಹಿತ ಗುಣಪಡಿಸುತ್ತೇವೆಂಬ ಹೆಗ್ಗಳಿಕೆ ಯಾರಿಗೆ ಸಲ್ಲಬೇಕೆಂಬುದನ್ನು ಇಲ್ಲಿ ನಿರ್ಧರಿಸಬಹುದು.

ಆದರೂ ಎಷ್ಟೋ ಮಕ್ಕಳಿಗೆ ಗುಣವಾದದ್ದು ಕಣ್ಣಾರೆ ಕಂಡಿದೆಯಲ್ಲ ಎಂಬ ಮಾತು ಬರುತ್ತದೆ. ಗುಣವಾದದ್ದು ನಿಜ, ಯಾತರಿಂದ ಎಂಬುದು ಪ್ರಶ್ನೆ. ಆರೋಗ್ಯವಾಗಿರುವ ಎಳೆಯ ಮಗುವಿಗೂ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ. ಪ್ರತಿಯೊಂದೂ ಒಂದು ವಾರ ಹತ್ತು ದಿನ ಇದ್ದು, ಕೆಮ್ಮು ಎರಡು ಮೂರು ವಾರ ಎಳೆದು, ತಾನಾಗಿ ಹೋಗುತ್ತದೆ. ನಾಲ್ಕೈದು ವರ್ಷ ತುಂಬುವ ಹೊತ್ತಿಗೆ ಮೈಗೆ ಹಲವು ವೈರಸ್‌ಗಳ ಪರಿಚಯವಾಗಿ ಈ ಸರಣಿಯೇ ತೆಳುವಾಗುತ್ತದೆ. ಏರಿಳಿಯುವ ಯಾವುದೇ ಕಾಯಿಲೆಯಲ್ಲಿ ಹೆತ್ತವರು ಹೊಸ ವೈದ್ಯರ ಬಳಿಗೆ ಓಡುವುದು ಏರಿಕೆಯ ತುದಿಯಲ್ಲಿ. ತುದಿಯ ನಂತರ ಇಳಿಕೆಯೇ ಬರಬೇಕು, ಬಂದಾಗ ಕೈಯಲ್ಲಿದ್ದ ಔಷಧಕ್ಕೆ ಹೆಸರು ಬರುತ್ತದೆ. ಇದನ್ನು ಸಂಖ್ಯಾಶಾಸ್ತ್ರ ಸರಾಸರಿಯತ್ತ ಮರಳುವಿಕೆ ಎಂದು ಕರೆಯುತ್ತದೆ. ಏನೂ ಅರಿಯದ ಕೂಸಿಗೆ ನಂಬಿಕೆಯ ಪ್ರಭಾವ ಹೇಗಾದೀತು, ಆದ್ದರಿಂದ ಗುಳಿಗೆಯೇ ಕೆಲಸ ಮಾಡಿದೆ ಎಂಬುದು ಬಹಳ ಸಲ ಕೇಳಿಬರುವ ಜಾಣ ವಾದ. ಕೂಸು ತನ್ನ ಕಾಯಿಲೆಯ ವರದಿಯನ್ನು ತಾನೇ ಕೊಡುವುದಿಲ್ಲ ಎಂಬುದನ್ನು ಈ ವಾದ ಮರೆಯುತ್ತದೆ. ರಾತ್ರಿ ಎಷ್ಟು ಕೆಮ್ಮಿತು, ಎಷ್ಟು ಅತ್ತಿತು ಎಂದು ಹೇಳುವವಳು ತಾಯಿ, ಸಮಾಧಾನಗೊಂಡ ತಾಯಿಯ ಕಣ್ಣಿಗೆ ಕೆಮ್ಮು ಕಡಿಮೆಯಾಗಿ ಕಾಣುವುದು ಮನುಷ್ಯಸಹಜ.

ಈ ಕಾರಣಗಳಿಗಾಗಿಯೇ ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಬರಿ ಸಕ್ಕರೆಗುಳಿಗೆ ಕೊಟ್ಟು, ಯಾರಿಗೆ ಯಾವುದೆಂದು ಕೊಟ್ಟವರಿಗೂ ತಿಳಿಯದಂತೆ ಹೋಲಿಸುವ ಪ್ರಯೋಗಗಳು ಬೇಕಾಗುತ್ತವೆ. ಹೋಮಿಯೋಪಥಿಯ ಪರವಾಗಿ ಹೆಚ್ಚು ಉಲ್ಲೇಖಗೊಂಡ ಮಕ್ಕಳ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ನಿಕರಾಗುವಾ ದೇಶದಲ್ಲಿ ಭೇದಿಯಾಗುತ್ತಿದ್ದ 81 ಮಕ್ಕಳಲ್ಲಿ ಗುಳಿಗೆ ಪಡೆದವರ ಭೇದಿ ಸ್ವಲ್ಪ ಬೇಗ ನಿಂತಿತೆಂದು ಅದು ಹೇಳಿತು. ಅದೇ ಸಂಶೋಧಕರ ತಂಡದ ಮುಖ್ಯಸ್ಥೆ ಹೊಂಡುರಾಸ್‌ನಲ್ಲಿ 292 ಮಕ್ಕಳ ಮೇಲೆ ಹೋಮಿಯೋಪಥಿಯ ಮಿಶ್ರಗುಳಿಗೆಯನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದಾಗ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಿಕರಾಗುವಾದಲ್ಲಿ ಎರಡೂ ಗುಂಪುಗಳಿಗೆ ಓಆರ್‌ಎಸ್ ಕೊಡಲಾಗಿತ್ತು ಎಂಬುದು ಈ ಅಧ್ಯಯನವನ್ನು ಉಲ್ಲೇಖಿಸುವವರ ಬಾಯಲ್ಲಿ ಬರುವುದೇ ಇಲ್ಲ. ಮಕ್ಕಳ ಶ್ವಾಸಮಾರ್ಗದ ಸೋಂಕಿಗೆ ಸಂಬಂಧಿಸಿದ ಎಂಟು ಪ್ರಯೋಗಗಳನ್ನು, ಒಟ್ಟು 1562 ಮಕ್ಕಳ ಫಲಿತಾಂಶಗಳನ್ನು, ಕಾಕ್ರನ್ ಸಂಸ್ಥೆ 2018ರಲ್ಲಿ ಪರಾಮರ್ಶಿಸಿ ಪ್ರಯೋಜನವಿದೆ ಎನ್ನಲು ಮನವೊಪ್ಪುವ ಆಧಾರವಿಲ್ಲ ಎಂದಿತು. ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ 2015ರಲ್ಲಿ ಯಾವ ಒಂದು ಕಾಯಿಲೆಗೂ ಹೋಮಿಯೋಪಥಿ ಫಲಕಾರಿಯೆಂಬುದಕ್ಕೆ ನಂಬಲರ್ಹ ಪುರಾವೆಯಿಲ್ಲವೆಂದು ತೀರ್ಮಾನಿಸಿತು. ಈ ಪದ್ಧತಿಗೆ ದೀರ್ಘಕಾಲ ಆಶ್ರಯ ಕೊಟ್ಟಿದ್ದ ಫ್ರಾನ್ಸ್ 2021ರ ಜನವರಿಯಿಂದ ಅದರ ವೆಚ್ಚ ಭರಿಸುವುದನ್ನು ನಿಲ್ಲಿಸಿತು.

ಮನೆಮದ್ದಿನ ಮಾತು ಬೇರೆ. ಅದರಲ್ಲಿ ದ್ರವ್ಯವಿದೆ, ಆದ್ದರಿಂದ ಅಲ್ಲಿ ಕೇಳಬೇಕಾದದ್ದು ಎಷ್ಟು ದ್ರವ್ಯ ಎಂದು. ಗುಟ್ಟಿ ತೇಯುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಸಾಣೆಕಲ್ಲಿನ ಮೇಲೆ ಎರಡು ಹನಿ ಎದೆಹಾಲು ಹಾಕಿ ಬಜೆಯನ್ನು ಇಷ್ಟು ಸುತ್ತು, ಜಾಯಿಕಾಯಿಯನ್ನು ಇಷ್ಟು, ಮಾಚಿಕಾಯಿ, ಅಳಲೆಕಾಯಿ, ಉತ್ತತ್ತಿ, ಬಾದಾಮಿಗಳನ್ನು ಇಷ್ಟಿಷ್ಟು ಎಂದು ತೇಯ್ದು, ಒಟ್ಟುಗೂಡಿದ ಗಂಧವನ್ನು ಒಳಲೆಯಲ್ಲಿ ತೆಗೆದು ಕೂಸಿನ ಬಾಯಿಗೆ ಬಿಡುತ್ತಾರೆ. ಸುತ್ತಿನ ಲೆಕ್ಕ ಅಜ್ಜಿಗೆ ಗೊತ್ತು. ಆದರೆ ಹೊಸ ಕಲ್ಲು ಒಂದು ಸುತ್ತಿಗೆ ಬಿಡಿಸುವಷ್ಟನ್ನು ಸವೆದ ಕಲ್ಲು ಬಿಡಿಸುವುದಿಲ್ಲ, ಗಟ್ಟಿ ಕೈ ಒತ್ತುವಷ್ಟನ್ನು ಮುದಿ ಕೈ ಒತ್ತುವುದಿಲ್ಲ. ಜಾಯಿಕಾಯಿ ಹೆಚ್ಚಾದರೆ ಕೂಸು ಮಂಪರಾಗಿ ಮಲಗುತ್ತದೆ, ಅಳು ನಿಂತದ್ದನ್ನು ಗುಣವೆಂದು ಮನೆಯವರು ಎಣಿಸುತ್ತಾರೆ. ಬಜೆಯಲ್ಲಿರುವ ಅಸರೋನ್ ಎಂಬ ಅಂಶ ಇಲಿಗಳಲ್ಲಿ ಗೆಡ್ಡೆ ಹುಟ್ಟಿಸಿದ್ದರಿಂದ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪುಡಿಗಳ ಕಥೆ ಇನ್ನೂ ಕಳವಳಕಾರಿ: ಜೀರ್ಣಕ್ಕೆಂದು ಕೂಸುಗಳಿಗೆ ಕೊಡುವ ಘಸರ್ಡ್ ಎಂಬ ಭಾರತೀಯ ಪುಡಿಯಲ್ಲಿದ್ದ ಸೀಸದ ವಿಷದಿಂದ ಅಮೆರಿಕದ ಫ್ಲಾರಿಡಾದಲ್ಲಿ ಶಿಶುವೊಂದು ಸತ್ತದ್ದು 1984ರಲ್ಲಿ ಅಲ್ಲಿನ ಸರ್ಕಾರಿ ವರದಿಯಲ್ಲಿ ದಾಖಲಾಗಿದೆ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಎದೆಗೆ ಹಚ್ಚುವ ಎಣ್ಣೆಯ ಕರ್ಪೂರ ಬಾಯಿಗೆ ಹೋದರೆ ಎಳೆಯ ಮಕ್ಕಳಿಗೆ ಫಿಟ್ಸ್ ಬರುತ್ತದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ಬೇರೆಯದೇ ಬಗೆಯ ನ್ಯುಮೋನಿಯಾ ಆಗುತ್ತದೆ. ಹೋಮಿಯೋಪಥಿಯ ಹೆಸರಿನಲ್ಲಿ ಮಾರುವ, ಆದರೆ ಹೆಚ್ಚು ತೆಳುವಾಗಿಸದ ಔಷಧಗಳಿಗೂ ಇದು ಅನ್ವಯಿಸುತ್ತದೆ: ಹಲ್ಲು ಬರುವಾಗ ಕೊಡುವ ಕೆಲವು ಗುಳಿಗೆಗಳಲ್ಲಿ ಬೆಲ್ಲಡೋನಾ ಎಂಬ ವಿಷಸಸ್ಯದ ಅಂಶ ಚೀಟಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಗಿಯೂ ಏರುಪೇರಾಗಿಯೂ ಇದ್ದುದನ್ನು ಅಮೆರಿಕದ ಔಷಧ ನಿಯಂತ್ರಕರು 2017ರ ಜನವರಿಯಲ್ಲಿ ದೃಢಪಡಿಸಿದರು.

ಪ್ರಕೃತಿಯ ಮಡಿಲಿಗೆ ಒಪ್ಪಿಸಿದರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆ ತನ್ನ ಕೊನೆಯ ತುದಿಯಲ್ಲಿ ಹೇಗಿರುತ್ತದೆಂಬುದನ್ನು ಇದೇ ಜಿಲ್ಲೆ ಕಂಡಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿಯ ಹೊರವಲಯದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಲಾಗಿತ್ತು. ಗುಟ್ಟಿ ತೇಯುವ ಅಜ್ಜಿಯನ್ನು ಅಲ್ಲಿಗೆ ಹೋಲಿಸುವುದು ಅನ್ಯಾಯ, ಹಾಗೆ ಹೋಲಿಸಲೂಬಾರದು. ಆದರೆ ಮಣ್ಣು ಏನು ಮಾಡೀತು, ಕೆಡುಕಂತೂ ಇಲ್ಲವಲ್ಲ ಎಂಬ ಮಾತು ಎರಡೂ ಕಡೆ ಒಂದೇ.

ವಿಜ್ಞಾನ ಮನೆಮದ್ದನ್ನು ಕಂಡರೆ ಮೂಗು ಮುರಿಯುತ್ತದೆ ಎಂಬ ಆರೋಪವೂ ನಿಲ್ಲುವುದಿಲ್ಲ. ಒಂದು ವರ್ಷ ದಾಟಿದ ಮಕ್ಕಳ ಕೆಮ್ಮಿಗೆ ಜೇನುತುಪ್ಪ ಕೊಂಚ ನೆಮ್ಮದಿ ಕೊಡುತ್ತದೆಂದು ಪ್ರಯೋಗಗಳಲ್ಲಿ ಕಂಡುಬಂದಾಗ ವೈದ್ಯರು ಅದನ್ನು ಸ್ವೀಕರಿಸಿದರು; ವರ್ಷದೊಳಗಿನವರಿಗೆ ಅದರಲ್ಲಿ ಬಾಟ್ಯುಲಿಸಂ ಎಂಬ ವಿಷಸೋಂಕಿನ ಅಪಾಯವಿರುವುದರಿಂದ ಬೇಡವೆಂದರು. ಓಆರ್‌ಎಸ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು; ಸಾವಿನ ಪ್ರಮಾಣ ಶೇ 30ರ ಆಸುಪಾಸಿನಿಂದ ಶೇ 3.6ಕ್ಕೆ ಇಳಿಯಿತು. ಇದಕ್ಕಿಂತ ಅಗ್ಗದ, ಇದಕ್ಕಿಂತ ಮನೆಗೆ ಹತ್ತಿರವಾದ ಔಷಧ ಯಾವುದಿದೆ? ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಎಂಬ ಕಾರಣ ತಿಳಿದಿದ್ದರಿಂದ, ಕೊಟ್ಟು ಎಣಿಸಿ ನೋಡಿದ್ದರಿಂದ ಅದು ಲೋಕಮಾನ್ಯವಾಯಿತು. ಇಂದು ಅದರ ಪೊಟ್ಟಣ, ಹದಿನಾಲ್ಕು ದಿನದ ಸತುವಿನ ಮಾತ್ರೆಯ ಜೊತೆ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆ ಸಿಗುತ್ತದೆ; ಏಪ್ರಿಲ್-ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಭೇದಿಯಾದ ಕೂಸು ಒಣಗಲು ಒಂದು ಹಗಲು ಸಾಕು, ಆ ಹಗಲನ್ನು ಗುಳಿಗೆಗಾಗಿ ಕಳೆಯುವುದು ಕ್ಷಮಿಸುವಂಥದ್ದಲ್ಲ.

ಇಂಗ್ಲಿಷ್ ಔಷಧದ ಮೇಲಿನ ಸಿಟ್ಟಿಗೆ ಕಾರಣಗಳಿಲ್ಲವೆಂದಲ್ಲ. ಬರಿ ನೆಗಡಿಗೆ ಆ್ಯಂಟಿಬಯೊಟಿಕ್ ಬರೆಯುವ, ಜ್ವರವೆಂದರೆ ಸೂಜಿ ಚುಚ್ಚುವ, ಯಾವುದೇ ಪದವಿಯಿಲ್ಲದೆ ಸ್ಟೀರಾಯ್ಡ್ ಕೊಡುವ ಅಂಗಡಿಗಳು ಈ ಭಾಗದ ಊರೂರಿನಲ್ಲಿವೆ. ಅಲ್ಲಿಂದ ಹೊರಬಂದ ತಾಯಿ ಸಿಹಿಗುಳಿಗೆಯತ್ತ ತಿರುಗಿದರೆ ಅವಳದು ವಿವೇಕವೇ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಸಿರಪ್ ಬರೆಯಲೇಬಾರದೆಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಆಗ ಸೂಚಿಸಿತು. ಇವೆಲ್ಲದರಿಂದ ಹೊರಡುವ ತೀರ್ಮಾನವೆಂದರೆ ನೆಗಡಿಗೆ ಔಷಧವೇ ಬೇಡ, ಎದೆಹಾಲು, ಬಿಸಿನೀರು, ಊಟ, ವಿಶ್ರಾಂತಿ ಸಾಕು ಎಂಬುದು. ಬೇಡದ ಔಷಧದ ಜಾಗದಲ್ಲಿ ಇನ್ನೊಂದು ಬೇಡದ ಔಷಧವನ್ನು ತಂದಿಡುವುದರಿಂದ, ಕೂಸು ಕೆಮ್ಮಿದಾಗಲೆಲ್ಲ ಏನಾದರೂ ಕೊಡಲೇಬೇಕೆಂಬ ಅಭ್ಯಾಸ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೆ.

ಹೋಮಿಯೋಪಥಿ ಕರ್ನಾಟಕದಲ್ಲಿ ಗೌರವ ಗಳಿಸಿದ್ದಕ್ಕೂ ಇದೇ ಹಿನ್ನೆಲೆಯಿದೆ. ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚತೊಡಗಿದಾಗ ಅದಕ್ಕೆ ಎದುರಾಗಿದ್ದ ವೈದ್ಯಕೀಯದ ಕೈಯಲ್ಲಿ ರೋಗಿಯ ರಕ್ತ ಹರಿಸುವ, ಪಾದರಸ ಕುಡಿಸುವ ರೂಢಿಯ ನೆನಪು ಇನ್ನೂ ಹಸಿಯಾಗಿತ್ತು. ಅಂಥ ಕಾಲದಲ್ಲಿ ಏನೂ ಕೆಡಿಸದಿರುವುದೇ ದೊಡ್ಡ ಚಿಕಿತ್ಸೆ. ಅದೇ ಕಂಕನಾಡಿಯ ಸಂಸ್ಥೆ ಇಂದು ಎಂಬಿಬಿಎಸ್ ಕಲಿಸುವ ದೊಡ್ಡ ಆಸ್ಪತ್ರೆಯಾಗಿ ಬೆಳೆದಿದೆ. ನ್ಯುಮೋನಿಯಾ ಆದ ಕೂಸಿಗೆ ಆಮ್ಲಜನಕ ಹಚ್ಚುವ ವಾರ್ಡು ಅಲ್ಲಿ ಕೆಲವೇ ಹೆಜ್ಜೆ ದೂರ. ಚಿಂಚೋಳಿ ತಾಲ್ಲೂಕಿನ ಕೊಂಚಾವರಂ ಕಾಡಂಚಿನ ತಾಂಡಾದಲ್ಲಿ ಹಾಗಿಲ್ಲ. ಚಿಂಚೋಳಿಗೆ ರೈಲಿಲ್ಲ, ಜಿಲ್ಲಾ ಕೇಂದ್ರ ಎಂಬತ್ತು ಕಿಲೋಮೀಟರಿನಾಚೆ. ಬೆಂಗಳೂರಿನ ತಾಯಿ ಮೂರು ದಿನ ಗುಳಿಗೆ ಕೊಟ್ಟು ನೋಡಿ ನಾಲ್ಕನೆಯ ರಾತ್ರಿ ಹತ್ತು ನಿಮಿಷದಲ್ಲಿ ಮಕ್ಕಳ ಆಸ್ಪತ್ರೆ ಸೇರಬಹುದು. ಅದೇ ಮೂರು ದಿನ ತಾಂಡಾದ ಕೂಸಿನ ಪಾಲಿಗೆ ಇರುವಷ್ಟೂ ಕಾಲಾವಕಾಶವಾಗಿರಬಹುದು. ಕೆಡುಕಿಲ್ಲ ಎಂಬ ಮಾತು ಆಸ್ಪತ್ರೆಯ ದೂರದ ಮೇಲೆ ನಿಂತಿದೆ ಎಂಬುದನ್ನು ಆ ಮಾತನ್ನು ಪ್ರಚಾರ ಮಾಡುವವರು ಯೋಚಿಸಿಲ್ಲ.

ತಡವಾದರೆ ಏನಾಗುತ್ತದೆಂಬುದಕ್ಕೆ ಆಸ್ಪತ್ರೆಗಳು ಬೇಕಾದಷ್ಟಿರುವ ದೇಶಗಳೇ ಸಾಕ್ಷಿ. 2002ರಲ್ಲಿ ಸಿಡ್ನಿಯಲ್ಲಿ ಇಸುಬಿನಿಂದ ನರಳುತ್ತಿದ್ದ ಒಂಬತ್ತು ತಿಂಗಳ ಮಗು ರಕ್ತಕ್ಕೆ ನಂಜು ಏರಿ ಸತ್ತಿತು; ಭಾರತ ಮೂಲದ ತಂದೆ ಸ್ವತಃ ಹೋಮಿಯೋಪಥಿ ವೈದ್ಯರು, ಬೇರೆ ಚಿಕಿತ್ಸೆಯನ್ನು ಮುಂದೂಡುತ್ತಲೇ ಹೋಗಿದ್ದರು, 2009ರಲ್ಲಿ ನ್ಯಾಯಾಲಯ ಹೆತ್ತವರಿಬ್ಬರನ್ನೂ ಅಪರಾಧಿಗಳೆಂದಿತು. ಇಟಲಿಯಲ್ಲಿ 2017ರಲ್ಲಿ ಏಳು ವರ್ಷದ ಬಾಲಕನ ಕಿವಿಯ ಸೋಂಕಿಗೆ ಹೋಮಿಯೋಪಥಿಯನ್ನೇ ಮುಂದುವರಿಸಿ, ಸೋಂಕು ಮೆದುಳಿಗೇರಿ ಅವನು ತೀರಿಕೊಂಡ. ಎಳೆಯ ಮಕ್ಕಳ ಭೇದಿಗೂ ಕ್ಷಯಕ್ಕೂ ಹೋಮಿಯೋಪಥಿಯನ್ನು ಅವಲಂಬಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2009ರಲ್ಲಿ ಎಚ್ಚರಿಸಿದ್ದರು.

ಎಲ್ಲ ಹೊಣೆಯನ್ನೂ ಮನೆಯವರ ಮೇಲೆ ಹೊರಿಸುವುದು ಅನ್ಯಾಯವಾಗುತ್ತದೆ. ಎಂಬಿಬಿಎಸ್ ವೈದ್ಯರು ಬರಲೊಪ್ಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆಯುಷ್ ವೈದ್ಯರನ್ನು ಕೂರಿಸಿ ಕೊರತೆಗೆ ಆಯ್ಕೆಯೆಂಬ ಹೆಸರಿಡುವುದು ಸರ್ಕಾರದ ರೂಢಿಯಾಗಿದೆ. ಹೋಮಿಯೋಪಥಿ ಓದಿದವರು ಅಲೋಪಥಿ ಔಷಧ ಕೊಡುವುದೇ ನಿರ್ಲಕ್ಷ್ಯವೆಂದು ಸರ್ವೋಚ್ಚ ನ್ಯಾಯಾಲಯ ಪೂನಂ ವರ್ಮಾ ಪ್ರಕರಣದಲ್ಲಿ 1996ರಲ್ಲಿ ತೀರ್ಪಿತ್ತಿದೆ. ಹಾಗಿರುವಾಗ ಅಂಥವರನ್ನು ಒಬ್ಬರನ್ನೇ ನೇಮಿಸಿದ ಕೇಂದ್ರಕ್ಕೆ ಪಕ್ಕೆ ಸೆಳೆಯುತ್ತಿರುವ ಕೂಸು ಬಂದರೆ ಅವರು ಕಾನೂನು ಮೀರಬೇಕು, ಇಲ್ಲವೇ ಸಿಹಿಗುಳಿಗೆ ಕೊಡಬೇಕು. ಚಿಂಚೋಳಿಯ ಮಕ್ಕಳಿಗೆ ಸಲ್ಲಬೇಕಾದದ್ದು ದುಬಾರಿಯದೇನೂ ಅಲ್ಲ. ಎರಡು ತಿಂಗಳು ತುಂಬಿದ, ವರ್ಷದೊಳಗಿನ ಕೂಸು ನಿಮಿಷಕ್ಕೆ ಐವತ್ತು ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗು ನಲವತ್ತು ಅಥವಾ ಹೆಚ್ಚು ಉಸಿರಾಡುತ್ತಿದ್ದರೆ ನ್ಯುಮೋನಿಯಾ ಎಂದು ಶಂಕಿಸಬೇಕೆಂಬುದನ್ನು, ಅಂಗಿ ಎತ್ತಿ ಎದೆಗೂಡಿನ ಕೆಳಗೆ ಗುಳಿ ಬೀಳುತ್ತಿದೆಯೇ ಎಂದು ನೋಡುವುದನ್ನು, ಗಡಿಯಾರದ ಪೂರ್ತಿ ಒಂದು ನಿಮಿಷ ಎಣಿಸುವುದನ್ನು ಪ್ರತಿ ತಾಯಿಗೂ ಅಂಗನವಾಡಿಯಲ್ಲೇ ಕೈಹಿಡಿದು ಕಲಿಸಬಹುದು. ಹಾಗೆ ಎಣಿಸಿ ಓಡಿಬಂದವಳಿಗೆ ಆರೋಗ್ಯ ಕೇಂದ್ರದಲ್ಲಿ ಅಮಾಕ್ಸಿಸಿಲಿನ್, ಆಮ್ಲಜನಕ ಅಳೆಯುವ ಬೆರಳುಪಟ್ಟಿ, ಉಬ್ಬಸದ ಮಗುವಿಗೆ ಮುಖಕ್ಕೆ ಹಿಡಿದು ಉಸಿರೆಳೆಸುವ ಸ್ಪೇಸರ್ ಮತ್ತು ಇನ್‌ಹೇಲರ್, ಅವನ್ನು ಬಳಸಲು ಬಲ್ಲ, ಬಳಸಲು ಕಾನೂನಿನ ಹಕ್ಕಿರುವ ಒಬ್ಬರು, ಇಷ್ಟು ರಾತ್ರಿಯಲ್ಲೂ ಸಿಗುವಂತೆ ಮಾಡುವುದು ಸರ್ಕಾರದ ಕೈಲಿದೆ.